ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು, ಬಿಸ್ಕತ್ತು ತಿಂದರೆ ಕಡಿಮೆ. ಅಲ್ಸರ್ ಇರಬಹುದಾ? ಸ್ಕೋಪಿ ಮಾಡಿಸಲೇಬೇಕಾ?

ಕೊಬ್ಬರಿ ಮಂಡಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಕೊಬ್ಬರಿ ವ್ಯಾಪಾರ. ಒಂದೂವರೆ ವರ್ಷದಿಂದ ಒಂದು ಹೊಟ್ಟೆನೋವು ಬೆನ್ನು ಹತ್ತಿದೆ. ಎದೆಗೂಡು ಮುಗಿಯುವಲ್ಲಿ, ಹೊಕ್ಕುಳಕ್ಕಿಂತ ಮೇಲೆ, ಬೆರಳಿಟ್ಟು ಇಲ್ಲೇ ಅಂತ ತೋರಿಸಬಹುದು, ಅಷ್ಟೇ ಜಾಗ. ರಾತ್ರಿ ಒಂಬತ್ತಕ್ಕೆ ಊಟ ಮಾಡಿ ಮಲಗಿದರೆ ಒಂದೂವರೆ, ಎರಡು ಗಂಟೆಗೆ ಸರಿಯಾಗಿ ಎಚ್ಚರ ಆಗುತ್ತದೆ. ಒಳಗೆ ಕೆರೆದ ಹಾಗೆ ಉರಿ, ಸಂಕಟ. ಎದ್ದು ಎರಡು ಬಿಸ್ಕತ್ತು ತಿಂದು ನೀರು ಕುಡಿದರೆ ಕಾಲು ಗಂಟೆಯಲ್ಲಿ ಕಡಿಮೆಯಾಗಿ ಮತ್ತೆ ನಿದ್ದೆ ಬರುತ್ತದೆ. ಹಗಲು ಹೊತ್ತಿನಲ್ಲೂ ಮಂಡಿಯಲ್ಲಿ ಹರಾಜು ತಡವಾಗಿ ಊಟ ಮೂರು ಗಂಟೆಗೆ ಹೋದರೆ ಇದೇ ಕಥೆ.

ವಿಚಿತ್ರ ಏನೆಂದರೆ ಇದು ಯಾವಾಗಲೂ ಇರುವುದಿಲ್ಲ. ಮೂರು ವಾರ ಕಾಡುತ್ತದೆ, ಆಮೇಲೆ ಎರಡು ಮೂರು ತಿಂಗಳು ಪತ್ತೆ ಇಲ್ಲ. ಹೋಯಿತಲ್ಲ ಅಂತ ಸುಮ್ಮನಾಗುತ್ತೇನೆ, ಮತ್ತೆ ಬರುತ್ತದೆ.

ಇಷ್ಟು ದಿನ ಮೆಡಿಕಲ್ ಶಾಪಿನಲ್ಲಿ ಗ್ಯಾಸ್ ಮಾತ್ರೆ ತೆಗೆದುಕೊಂಡು ಕಾಲ ತಳ್ಳಿದೆ. ಹೋದ ತಿಂಗಳು ಒಬ್ಬ ಡಾಕ್ಟರಿಗೆ ತೋರಿಸಿದೆ. ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದರು, ಎಲ್ಲಾ ನಾರ್ಮಲ್. ರಕ್ತ ಪರೀಕ್ಷೆಯಲ್ಲಿ ಎಚ್. ಪೈಲೋರಿ, ಅಂದರೆ ಹೊಟ್ಟೆಯಲ್ಲಿ ಸೇರಿಕೊಳ್ಳುವ ಒಂದು ಕ್ರಿಮಿ (ಬ್ಯಾಕ್ಟೀರಿಯಾ), ಪಾಸಿಟಿವ್ ಅಂತ ಬಂತು. ಸ್ವಲ್ಪ ರಕ್ತ ಕಡಿಮೆ ಇದೆ, ಹಿಮೋಗ್ಲೋಬಿನ್ 10.8 ಅಂತ ಹೇಳಿ ಕಬ್ಬಿಣದ ಟಾನಿಕ್ ಬರೆದರು. ಬೆಳಿಗ್ಗೆ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ನಡೆಯುತ್ತಿದೆ. ಈಗ ಎಂಡೋಸ್ಕೋಪಿ, ಅಂದರೆ ಬಾಯಿಂದ ಪೈಪು ಬಿಟ್ಟು ಹೊಟ್ಟೆಯೊಳಗೆ ನೋಡುವ ಸ್ಕೋಪಿ, ಮಾಡಿಸಿ ಅನ್ನುತ್ತಿದ್ದಾರೆ.

ನನಗೆ ಭಯ ಇದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. ನಮ್ಮ ತಂದೆಗೆ 1976ರಲ್ಲಿ ಮೈಸೂರಿನಲ್ಲಿ ಹೊಟ್ಟೆ ಹುಣ್ಣಿಗೆ ದೊಡ್ಡ ಆಪರೇಷನ್ ಆಗಿತ್ತು. ಹೊಟ್ಟೆಯ ಮೇಲಿನ ಗುರುತು ಈಗಲೂ ಒಂದು ಗೇಣು ಇದೆ. ಅದನ್ನು ನೋಡಿಕೊಂಡೇ ಬೆಳೆದವನು ನಾನು. ಸ್ಕ್ಯಾನಿಂಗ್ ನಾರ್ಮಲ್ ಇದ್ದ ಮೇಲೆ ಸ್ಕೋಪಿ ಯಾಕೆ? ರಕ್ತದಲ್ಲಿ ಕ್ರಿಮಿ ಇದೆ ಅಂತ ಗೊತ್ತಾಗಿದೆಯಲ್ಲ, ಅದಕ್ಕೇ ಮಾತ್ರೆ ಕೊಟ್ಟರೆ ಆಗುವುದಿಲ್ಲವೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಇನ್ನೊಂದು ಮಾತು, ಚೀಲ ಎತ್ತಿ ಎತ್ತಿ ಸೊಂಟ ನೋವು ಇದೆ. ಅದಕ್ಕೆ ವಾರಕ್ಕೆ ಮೂರು ನಾಲ್ಕು ಸಲ ಡೈಕ್ಲೋಫಿನಾಕ್ ನುಂಗುತ್ತೇನೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ.

ಮಲೆನಾಡಿನ ಮಳೆ

ಅಣ್ಣಾ, ನಿಮ್ಮ ಬರಹ ಓದಿದಾಗ ನಾಲ್ಕು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ನನಗೂ ಇದೇ ಸಮಯ, ಇದೇ ಜಾಗ. ನಾನು ತಲೆದಿಂಬಿನ ಪಕ್ಕ ರಸ್ಕ್ ಡಬ್ಬಿ ಇಟ್ಟುಕೊಂಡು ಮಲಗುತ್ತಿದ್ದೆ.

ಸ್ಕೋಪಿ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದು ತಿಳಿದವರು ಹೇಳಲಿ. ಹಿಂದಿನ ರಾತ್ರಿ ಊಟ ಆದ ಮೇಲೆ ಏನೂ ತಿನ್ನಬಾರದು ಅಂದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದೆ. ಗಂಟಲಿಗೆ ಒಂದು ಸ್ಪ್ರೇ ಹೊಡೆದರು, ಕಹಿ ಇರುತ್ತದೆ, ಎರಡು ನಿಮಿಷದಲ್ಲಿ ಗಂಟಲು ಮರಗಟ್ಟಿ ಉಗುಳು ನುಂಗುವುದೂ ಗೊತ್ತಾಗುವುದಿಲ್ಲ. ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಒಂದು ಪ್ಲಾಸ್ಟಿಕ್ ಬಳೆಯಂಥದ್ದು ಇಟ್ಟರು. ಪೈಪು ಗಂಟಲು ದಾಟುವ ಆ ಒಂದು ಕ್ಷಣ ವಾಕರಿಕೆ ಬರುತ್ತದೆ, ಅದು ನಿಜ. ಮೂಗಿನಿಂದ ನಿಧಾನವಾಗಿ ಉಸಿರು ತೆಗೆದುಕೊಳ್ಳಿ ಅಂತ ಸಿಸ್ಟರ್ ಹೇಳುತ್ತಲೇ ಇದ್ದರು, ಹಾಗೆ ಮಾಡಿದೆ, ಕಣ್ಣಲ್ಲಿ ನೀರು ಬಂತು, ಏಳೆಂಟು ನಿಮಿಷದಲ್ಲಿ ಮುಗಿಯಿತು. ನೋವು ಆಗಲಿಲ್ಲ. ತೀರಾ ಭಯ ಇರುವವರಿಗೆ ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ, ಮೊದಲೇ ಕೇಳಿ. ಹಾಗೆ ಕೊಟ್ಟರೆ ಮನೆಗೆ ಕರೆದುಕೊಂಡು ಹೋಗಲು ಜೊತೆಗೊಬ್ಬರು ಇರಬೇಕು, ಆ ದಿನ ಗಾಡಿ ಓಡಿಸಬಾರದು.

ಒಂದು ವಿಷಯದಲ್ಲಿ ನನಗೆ ಪೆಟ್ಟು ಬಿತ್ತು. ಅಲ್ಲಿಯವರೆಗೂ ನಾನು ದಿನಾ ಗ್ಯಾಸ್ ಮಾತ್ರೆ ನುಂಗುತ್ತಿದ್ದೆ, ಯಾರೂ ಅದರ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಣ್ಣು ಕಂಡಿತು, ಕ್ರಿಮಿ ಪರೀಕ್ಷೆ ನೆಗೆಟಿವ್ ಬಂತು. ಸರಿ ಅಂತ ಬರೀ ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದರು. ಎಂಟು ತಿಂಗಳಿಗೆ ಹುಣ್ಣು ಮತ್ತೆ ಬಂತು. ಎರಡನೇ ಸಲ ಬೇರೆ ಕಡೆ ತೋರಿಸಿದಾಗ ಮಾತ್ರೆ ನಿಲ್ಲಿಸಿ ಪರೀಕ್ಷೆ ಮಾಡಿದರು, ಪಾಸಿಟಿವ್! 14 ದಿನ ಔಷಧಿ ತೆಗೆದುಕೊಂಡೆ. ಮೂರು ವರ್ಷ ಆಯಿತು, ರಾತ್ರಿ ಎದ್ದಿಲ್ಲ.

ಅಜ್ಜಿಮನೆ ಜಗಲಿ

ತಮ್ಮಾ, ಗಾಬರಿ ಬೇಡ. ಖಾರ, ಹುಳಿ, ಕಾಫಿ ಬಿಡಿ. ರಾತ್ರಿ ಮಲಗುವಾಗ ಒಂದು ಲೋಟ ತಣ್ಣನೆಯ ಹಾಲು ಕುಡಿಯಿರಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೇ ಮದ್ದು. ಟೆನ್ಷನ್ ಕಡಿಮೆ ಮಾಡಿಕೊಳ್ಳಿ, ವ್ಯಾಪಾರದವರಿಗೆ ಹೊಟ್ಟೆ ಹುಣ್ಣು ಬರುವುದೇ ಟೆನ್ಷನ್‌ನಿಂದ. ಪೈಪು ಗೀಪು ಹಾಕಿಸಿಕೊಳ್ಳುವುದು ಕಡೆಯ ಮಾತು.

ತಾಲ್ಲೂಕು ಡಾಕ್ಟರು, ನಿವೃತ್ತ

ಕೊಬ್ಬರಿ ಮಂಡಿಯವರೇ, ಮೂವತ್ತು ವರ್ಷ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವನು ನಾನು. ಇಲ್ಲಿ ಕೂತು ನಿಮಗೆ ಔಷಧಿ ಬರೆಯಲು ಆಗುವುದಿಲ್ಲ, ಬರೆಯಲೂಬಾರದು. ಆದರೆ ನಿಮ್ಮ ಡಾಕ್ಟರು ಯಾಕೆ ಸ್ಕೋಪಿ ಅಂದರು ಅನ್ನುವುದನ್ನು ಬಿಡಿಸಿ ಹೇಳಬಲ್ಲೆ.

ನೀವು ಬರೆದಿರುವ ನೋವಿನ ರೀತಿ ಹಳೆಯ ವೈದ್ಯಕೀಯ ಪುಸ್ತಕದಲ್ಲಿ ಇರುವಂತೆಯೇ ಇದೆ. ಊಟವಾಗಿ ಎರಡು ಮೂರು ಗಂಟೆಗೆ, ಇಲ್ಲವೇ ನಡುರಾತ್ರಿ ಕಳೆದು ನೋವು ಬರುವುದು, ತಿಂದರೆ ಕಡಿಮೆ ಆಗುವುದು, ಕೆಲವು ವಾರ ಕಾಡಿ ತಿಂಗಳುಗಟ್ಟಲೆ ಮರೆಯಾಗುವುದು. ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಸರ್ಜನ್ ಮೊಯ್ನಿಹಾನ್ ನೂರು ವರ್ಷಕ್ಕೂ ಹಿಂದೆಯೇ ಇದನ್ನು ಹಸಿವಿನ ನೋವು ಅಂತ ಕರೆದು ವಿವರಿಸಿದ್ದರು. ಜಠರ ಮುಗಿದು ಸಣ್ಣ ಕರುಳು ಶುರುವಾಗುವ ಮೊದಲ ಭಾಗಕ್ಕೆ ಡ್ಯುಯೊಡಿನಮ್ ಅನ್ನುತ್ತೇವೆ, ಸುಮಾರು 25 ಸೆಂಟಿಮೀಟರ್ ಉದ್ದ. ಹುಣ್ಣು ಆಗುವುದು ಹೆಚ್ಚಾಗಿ ಅದರ ಮೊದಲ ಎರಡು ಮೂರು ಸೆಂಟಿಮೀಟರ್‌ನಲ್ಲಿ. ಜಠರದ ಆಸಿಡ್ ನೇರವಾಗಿ ಬಂದು ಬೀಳುವ ಜಾಗ ಅದು. ಹೊಟ್ಟೆಯಲ್ಲಿ ಅನ್ನ ಇದ್ದಾಗ ಆಸಿಡ್ ಅದಕ್ಕೆ ಬೆರೆಯುತ್ತದೆ, ಖಾಲಿ ಇದ್ದಾಗ ಹುಣ್ಣಿಗೇ ತಾಗುತ್ತದೆ. ಜಠರದ ಒಳಗೇ ಹುಣ್ಣಾದರೆ ಅನೇಕರಿಗೆ ಉಲ್ಟಾ, ತಿಂದ ತಕ್ಷಣ ನೋವು, ಹಾಗಾಗಿ ತಿನ್ನಲು ಹೆದರಿ ತೂಕ ಇಳಿಯುತ್ತದೆ.

ಇಷ್ಟು ಚೆನ್ನಾಗಿ ಹೊಂದಿದರೆ ಸ್ಕೋಪಿ ಯಾಕೆ ಅಂತ ಕೇಳುತ್ತೀರಿ. ಯಾಕೆಂದರೆ ಈ ರೀತಿಯನ್ನು ನಂಬಿ ನಾನು ಎಷ್ಟೋ ಸಲ ಮೋಸ ಹೋಗಿದ್ದೇನೆ. ಥೇಟ್ ಇದೇ ಕಥೆ ಹೇಳಿದವರಿಗೆ ಸ್ಕೋಪಿಯಲ್ಲಿ ಏನೂ ಇಲ್ಲದೆ ಬರೀ ಅಜೀರ್ಣದ ತೊಂದರೆ ಅಂತ ಆಗಿದೆ. ಜಠರದ ಹುಣ್ಣೂ ಇದೇ ವೇಷ ಹಾಕುತ್ತದೆ, ಮತ್ತು ಜಠರದ ಹುಣ್ಣುಗಳಲ್ಲಿ ಕೆಲವು ಕ್ಯಾನ್ಸರ್ ಆಗಿರುತ್ತವೆ. ಅದಕ್ಕೇ ಅಲ್ಲಿಂದ ಚೂರು ಮಾಂಸ ತೆಗೆದು ನೋಡಲೇಬೇಕು. ಡ್ಯುಯೊಡಿನಮ್ ಹುಣ್ಣು ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ. ನಿಮ್ಮ ಹುಣ್ಣು ಜಠರ ಮುಗಿಯುವ ಬಾಗಿಲಿನ ಈಚೆ ಇದೆಯೋ ಆಚೆ ಇದೆಯೋ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ, ಕಣ್ಣಾರೆ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಸ್ಕ್ಯಾನಿಂಗ್ ನಾರ್ಮಲ್ ಅನ್ನುವುದಕ್ಕೆ ಇಲ್ಲಿ ಬೆಲೆ ಕಡಿಮೆ. ಅಲ್ಟ್ರಾಸೌಂಡ್ ಪಿತ್ತಕೋಶದ ಕಲ್ಲು, ಲಿವರ್, ಕಿಡ್ನಿ ತೋರಿಸುತ್ತದೆ. ಕರುಳಿನ ಒಳಪದರದ ಮೇಲಿನ ಹುಣ್ಣು ಅದಕ್ಕೆ ಕಾಣುವುದಿಲ್ಲ. ನಮ್ಮ ಜನ ಸ್ಕ್ಯಾನಿಂಗ್ ಆಯಿತು, ಅಲ್ಸರ್ ಇಲ್ಲ ಅಂತ ನಿಶ್ಚಿಂತೆಯಿಂದ ಮನೆಗೆ ಹೋಗುವುದನ್ನು ನೋಡಿ ನೋಡಿ ನನಗೆ ಸಂಕಟ ಆಗುತ್ತದೆ.

ಇನ್ನು ರಕ್ತ ಪರೀಕ್ಷೆ. ಅದು ಹುಡುಕುವುದು ಕ್ರಿಮಿಯನ್ನಲ್ಲ, ಕ್ರಿಮಿಯ ವಿರುದ್ಧ ನಿಮ್ಮ ದೇಹ ಮಾಡಿಕೊಂಡ ಪ್ರತಿಕಾಯವನ್ನು. ಕ್ರಿಮಿ ಹೋದ ಎಷ್ಟೋ ಕಾಲದ ಮೇಲೂ ಅದು ಪಾಸಿಟಿವ್ ಇರುತ್ತದೆ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಈ ಕ್ರಿಮಿ ಚಿಕ್ಕಂದಿನಲ್ಲೇ ಮನೆಯವರಿಂದ ಅಂಟಿರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಹುಣ್ಣು ಆಗುವುದೇ ಇಲ್ಲ. ಹಾಗಾಗಿ ಆ ಕಾಗದ ಇಟ್ಟುಕೊಂಡು ನಿಮ್ಮ ನೋವಿಗೆ ಇದೇ ಕಾರಣ ಅನ್ನಲು ಬರುವುದಿಲ್ಲ. ಈಗ ಕ್ರಿಮಿ ಇದೆಯೇ ಅಂತ ತಿಳಿಯಲು ಉಸಿರಿನ ಪರೀಕ್ಷೆ ಇದೆ, ಮಲದಲ್ಲಿ ಕ್ರಿಮಿಯದ್ದೇ ಅಂಶ ಹುಡುಕುವ ಆಂಟಿಜೆನ್ ಪರೀಕ್ಷೆ ಇದೆ. ಸ್ಕೋಪಿ ಮಾಡುವಾಗಲೇ ಚೂರು ತೆಗೆದು ಯೂರಿಯಾ ಇರುವ ಜೆಲ್‌ನಲ್ಲಿ ಇಡುವುದೂ ಇದೆ. ಕ್ರಿಮಿ ಇದ್ದರೆ ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಹಳದಿ ಇದ್ದದ್ದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಲೆನಾಡಿನವರು ಹೇಳಿದ್ದು ಬಹಳ ಮುಖ್ಯ. ಗ್ಯಾಸ್ ಮಾತ್ರೆ ತಿನ್ನುತ್ತಿದ್ದರೆ ಕ್ರಿಮಿ ಅಡಗಿಕೊಳ್ಳುತ್ತದೆ, ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆ ಎರಡು ವಾರ, ಆಂಟಿಬಯಾಟಿಕ್ ನಾಲ್ಕು ವಾರ ಬಿಟ್ಟಿರಬೇಕು ಅನ್ನುವುದು ನಿಯಮ.

ಈಗ ನಿಮ್ಮ ಬರಹದಲ್ಲಿ ನನ್ನನ್ನು ಕಾಡಿದ್ದು ಹೇಳುತ್ತೇನೆ. ನೀವು ಹಾದುಹೋಗುವಾಗ ಹೇಳಿದ 10.8. ಗಂಡಸರಿಗೆ ಹಿಮೋಗ್ಲೋಬಿನ್ 13ಕ್ಕಿಂತ ಮೇಲೆ ಇರಬೇಕು. ಆರೋಗ್ಯವಾಗಿ ಚೀಲ ಎತ್ತುವ 41 ವರ್ಷದ ಗಂಡಸಿಗೆ ಸುಮ್ನೆ ರಕ್ತ ಕಡಿಮೆ ಆಗುವುದಿಲ್ಲ. ಎಲ್ಲೋ ಸೋರುತ್ತಿರಬಹುದು. ಟಾನಿಕ್ ಕುಡಿದರೆ ಅಂಕಿ ಏರುತ್ತದೆ, ತೂತು ಮುಚ್ಚುವುದಿಲ್ಲ. ಜೊತೆಗೆ ಡೈಕ್ಲೋಫಿನಾಕ್. ಸಂಬಂಧ ಇದೆಯಾ ಅಂತ ಕೇಳಿದಿರಿ. ನೇರ ಸಂಬಂಧ ಇದೆ. ಹೊಟ್ಟೆಯ ಒಳಪದರವನ್ನು ಆಸಿಡ್‌ನಿಂದ ಕಾಯುವ ಲೋಳೆಯ ಕವಚ ಇದೆಯಲ್ಲ, ಅದನ್ನು ಕಟ್ಟಲು ಬೇಕಾದ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತುವನ್ನೇ ಈ ಮಾತ್ರೆಗಳು ತಡೆಯುತ್ತವೆ. ಡೈಕ್ಲೋಫಿನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಆಸ್ಪಿರಿನ್ ಎಲ್ಲಾ ಒಂದೇ ಬಳಗ. ಇಂಜೆಕ್ಷನ್ ತೆಗೆದುಕೊಂಡರೂ ಅಷ್ಟೇ, ರಕ್ತದ ಮೂಲಕ ಹೋಗಿ ಅದೇ ಕೆಲಸ ಮಾಡುತ್ತದೆ. ಇವತ್ತೇ ನಿಲ್ಲಿಸಿ. ಸೊಂಟಕ್ಕೆ ಪ್ಯಾರಾಸಿಟಮಾಲ್ ಆಗುತ್ತದೆಯೇ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಇದನ್ನು ಅವರಿಗೆ ಹೇಳಿದ್ದೀರಾ? ಹೇಳಿಲ್ಲ ಅಂತ ನನ್ನ ಊಹೆ. ನಮ್ಮವರು ನೋವಿನ ಮಾತ್ರೆಯನ್ನು ಔಷಧಿ ಅಂತಲೇ ಲೆಕ್ಕ ಹಾಕುವುದಿಲ್ಲ.

ಜಗಲಿಯ ಅಮ್ಮನವರೇ, ನಿಮ್ಮ ಕಾಳಜಿ ದೊಡ್ಡದು. ನಮ್ಮ ಕಾಲೇಜಿನಲ್ಲೂ ಟೆನ್ಷನ್, ಖಾರ ಅಂತಲೇ ಪಾಠ ಮಾಡಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಅನ್ನುವ ಡಾಕ್ಟರು 1979ರಲ್ಲಿ ಜಠರದ ಚೂರುಗಳಲ್ಲಿ ಬಾಗಿದ ಬ್ಯಾಕ್ಟೀರಿಯಾ, ಅಂದರೆ ಇದೇ ಎಚ್. ಪೈಲೋರಿ, ಕಂಡರು. ಆಮೇಲೆ ಬ್ಯಾರಿ ಮಾರ್ಷಲ್ ಅನ್ನುವ ಡಾಕ್ಟರು ಅವರ ಜೊತೆ ಸೇರಿದರು. ಎಷ್ಟು ಪ್ರಯತ್ನ ಮಾಡಿದರೂ ಲ್ಯಾಬಿನಲ್ಲಿ ಅದು ಬೆಳೆಯುತ್ತಿರಲಿಲ್ಲ. ಎರಡು ದಿನ ನೋಡಿ ಎಸೆಯುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಸೆಯದೆ ಉಳಿದವು, ರಜೆ ಮುಗಿಸಿ ಬಂದು ನೋಡಿದರೆ ಬೆಳೆದಿತ್ತು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ತಾವೇ ಆ ಕ್ರಿಮಿ ಕುಡಿದರು, ಕೆಲವೇ ದಿನಕ್ಕೆ ವಾಂತಿ ಶುರುವಾಯಿತು, ಸ್ಕೋಪಿಯಲ್ಲಿ ಜಠರ ಉರಿಯೂತ ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಖಾರ ತಿಂದರೆ ಇರುವ ಹುಣ್ಣು ಉರಿಯಬಹುದು, ಖಾರದಿಂದ ಹುಣ್ಣು ಹುಟ್ಟುವುದಿಲ್ಲ. ಹಾಲು ಕುಡಿದಾಗ ತಂಪು ಅನಿಸುವುದು ನಿಜ, ಆದರೆ ಆಮೇಲೆ ಅದೇ ಹಾಲು ಇನ್ನಷ್ಟು ಆಸಿಡ್ ಸುರಿಸುತ್ತದೆ. ಬೀಡಿ ಸಿಗರೇಟು ಇದ್ದರೆ ಬಿಡಿ ಅನ್ನುವ ಮಾತು ಮಾತ್ರ ಅಂದಿಗೂ ಇಂದಿಗೂ ಸರಿ, ಹೊಗೆ ಹುಣ್ಣನ್ನು ಮಾಯಲು ಬಿಡುವುದಿಲ್ಲ.

ಊಟದ ವಿಷಯ ಪೂರ್ತಿ ಸುಳ್ಳು ಅಂತಲೂ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಅಲ್ಲಿ 1950, 60ರ ದಶಕದಲ್ಲಿ ಫ್ರಾಂಕ್ ಟೋವಿ ಅನ್ನುವ ಸರ್ಜನ್ ಇದ್ದರು. ಡ್ಯುಯೊಡಿನಮ್ ಹುಣ್ಣು ದಕ್ಷಿಣದ ಅಕ್ಕಿ ತಿನ್ನುವ ಸೀಮೆಯಲ್ಲಿ ಇಷ್ಟು ಜಾಸ್ತಿ, ಉತ್ತರದ ಗೋಧಿ ತಿನ್ನುವ ಕಡೆ ಅಷ್ಟು ಕಡಿಮೆ ಯಾಕೆ ಅಂತ ಹುಡುಕುತ್ತಾ ಅವರು ಮುಂದೆ ದಶಕಗಟ್ಟಲೆ ಕೆಲಸ ಮಾಡಿದರು. ಅವರ ತಂಡ ಇಲಿಗಳ ಮೇಲೆ ಪರೀಕ್ಷೆ ಮಾಡಿದಾಗ ಹುಣ್ಣಾಗದಂತೆ ಕಾಯುವ ಗುಣ ಚೆನ್ನಾಗಿ ಕಂಡ ಕಾಳುಗಳಲ್ಲಿ ನಮ್ಮ ಹುರುಳಿಯೂ ಒಂದು, ಅದರ ಜಿಡ್ಡಿನ ಅಂಶದಲ್ಲಿ. ಇಲಿಯಲ್ಲಿ ಕಂಡಿದ್ದನ್ನು ಮದ್ದು ಅನ್ನಲು ಆಗುವುದಿಲ್ಲ. ಆದರೆ ಹುರುಳಿಕಾಳು ಸಾರು ಉಣ್ಣಲು ಯಾರ ಅಡ್ಡಿಯೂ ಇಲ್ಲ, ನನಗಂತೂ ಬಹಳ ಇಷ್ಟ.

ನಿಮ್ಮ ತಂದೆಗೆ 1976ರಲ್ಲಿ ಆದದ್ದು ಬಹುಶಃ ಆಸಿಡ್ ಸುರಿಸುವ ನರ ಕತ್ತರಿಸಿ ಜಠರಕ್ಕೆ ಕರುಳನ್ನು ಬೇರೆ ಕಡೆ ಜೋಡಿಸುವ ಆಪರೇಷನ್. ನಮ್ಮ ಕಡೆ ಹುಣ್ಣು ವರ್ಷಗಟ್ಟಲೆ ಆಗಿ ಮಾಯ್ದು, ಮತ್ತೆ ಆಗಿ ಮಾಯ್ದು, ಜಠರದ ಬಾಯೇ ಕಟ್ಟಿಕೊಳ್ಳುತ್ತಿತ್ತು. ನಿನ್ನೆ ಉಂಡ ಅನ್ನ ಇವತ್ತು ಸಂಜೆ ವಾಂತಿಯಲ್ಲಿ ಹಾಗೇ ಬರುತ್ತಿತ್ತು. ಆಗ ಬೇರೆ ದಾರಿ ಇರಲಿಲ್ಲ. ಇವತ್ತು ಅದೇ ರೋಗಕ್ಕೆ ಎರಡು ವಾರದ ಮಾತ್ರೆ ಸಾಕಾಗುತ್ತದೆ. ತಂದೆಯವರ ಗುರುತನ್ನು ನೋಡಿ ನೀವು ಹೆದರಬೇಕಾಗಿಲ್ಲ.

ಹುಬ್ಬಳ್ಳಿ ಅಕ್ಕ

ಡಾಕ್ಟರ್ ಸರ್ ಹೇಳಿದ ನೋವಿನ ಮಾತ್ರೆಯ ವಿಷಯಕ್ಕೆ ನನ್ನ ತಾಯಿಯ ಕಥೆ ಹೇಳಲೇಬೇಕು.

ಅವ್ವನಿಗೆ 68 ವರ್ಷ, ಮೊಣಕಾಲು ನೋವು. ಊರಲ್ಲಿ ಒಬ್ಬರು ಪೊಟ್ಟಣ ಕಟ್ಟಿ ಮಾತ್ರೆ ಕೊಡುತ್ತಿದ್ದರು. ಮೂರು ಬಣ್ಣದ್ದು, ಹೆಸರಿಲ್ಲ, ಚೀಟಿ ಇಲ್ಲ. ತಿಂದರೆ ಅರ್ಧ ಗಂಟೆಯಲ್ಲಿ ನೋವು ಹೋಗಿ ಹೊಲಕ್ಕೆ ನಡೆದು ಹೋಗುತ್ತಿದ್ದರು. ಆರು ತಿಂಗಳು ತಿಂದರು. ಹೊಟ್ಟೆನೋವು ಒಂದು ದಿನವೂ ಬರಲಿಲ್ಲ, ಒಂದು ದಿನವೂ! ಸುಸ್ತು ಅನ್ನುತ್ತಿದ್ದರು, ವಯಸ್ಸಾಯಿತು ಅಂತ ನಾವು ಸುಮ್ಮನಿದ್ದೆವು. ಮಲ ಕಪ್ಪಗೆ ಹೋಗುತ್ತದೆ ಅಂತ ಒಮ್ಮೆ ಹೇಳಿದ್ದರು, ಕಬ್ಬಿಣದ ಮಾತ್ರೆ ತಿನ್ನುತ್ತೀಯಲ್ಲ, ಅದಕ್ಕೇ ಅಂತ ನಾನೇ ಸಮಾಧಾನ ಹೇಳಿದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹಿಮೋಗ್ಲೋಬಿನ್ 5.2. ನಾಲ್ಕು ಬಾಟಲಿ ರಕ್ತ ಕೊಟ್ಟರು. ಸ್ಕೋಪಿಯಲ್ಲೇ ರಕ್ತ ಸೋರುವ ನಾಳಕ್ಕೆ ಇಂಜೆಕ್ಷನ್ ಕೊಟ್ಟು ಕ್ಲಿಪ್ ಹಾಕಿದರು. ಉಳಿದರು, ದೇವರ ದಯೆ.

ನೋವಿಲ್ಲ ಅಂದರೆ ಹುಣ್ಣಿಲ್ಲ ಅಂತ ಅಲ್ಲ. ವಯಸ್ಸಾದವರಿಗೆ, ನೋವಿನ ಮಾತ್ರೆ ತಿನ್ನುವವರಿಗೆ ಆ ಮಾತ್ರೆಯೇ ಹುಣ್ಣಿನ ನೋವನ್ನೂ ಮುಚ್ಚಿಬಿಡುತ್ತದೆ ಅಂತ ಅಲ್ಲಿ ಹೇಳಿದರು.

ಶಾರ್ಜಾ ಕನ್ನಡಿಗ

ನನ್ನದು ಉಲ್ಟಾ ಅನುಭವ, ಬರೆಯುತ್ತೇನೆ. ಎರಡು ವರ್ಷ ಅಲ್ಸರ್ ಅಂತ ನಾನೇ ತೀರ್ಮಾನ ಮಾಡಿಕೊಂಡು ಗ್ಯಾಸ್ ಮಾತ್ರೆ ತಿಂದೆ. ನನಗೆ ನೋವು ಬರುತ್ತಿದ್ದದ್ದು ಮದುವೆ ಊಟ, ಬಿರಿಯಾನಿ, ಕರಿದದ್ದು ತಿಂದ ದಿನ. ಬಲಪಕ್ಕೆಯ ಕೆಳಗೆ ಹಿಡಿದುಕೊಂಡು ಬಲ ಹೆಗಲಿನ ಹಿಂದಕ್ಕೆ ಹೋಗುತ್ತಿತ್ತು, ಬಂದರೆ ಎರಡು ಗಂಟೆ, ಮೂರು ಗಂಟೆ, ಏನು ತಿಂದರೂ ಕುಡಿದರೂ ಬಗ್ಗುತ್ತಿರಲಿಲ್ಲ. ಕಡೆಗೆ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ತುಂಬಾ ಕಲ್ಲು. ಡಾಕ್ಟರ್ ಸರ್ ಹೇಳಿದ ಹಾಗೆ ಸ್ಕ್ಯಾನಿಂಗ್ ಹುಣ್ಣು ತೋರಿಸದೆ ಇರಬಹುದು, ಕಲ್ಲನ್ನು ತೋರಿಸುತ್ತದೆ. ಎರಡಕ್ಕೂ ಅದರದ್ದೇ ಪರೀಕ್ಷೆ.

ಕೊಬ್ಬರಿ ಮಂಡಿ, ತಿಪಟೂರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಡಾಕ್ಟರ್ ಸರ್, ನಿಮ್ಮ ಊಹೆ ಸರಿ, ಡೈಕ್ಲೋಫಿನಾಕ್ ವಿಷಯ ಅವರಿಗೆ ಹೇಳಿರಲಿಲ್ಲ. ಅವರು ಬೇರೇನಾದರೂ ಮಾತ್ರೆ ತಿನ್ನುತ್ತೀರಾ ಅಂತ ಕೇಳಿದ್ದರು, ಬಿಪಿ ಶುಗರ್ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡು ಇಲ್ಲ ಅಂದೆ.

ಎರಡು ಪ್ರಶ್ನೆ. ಟಾನಿಕ್ ಶುರು ಮಾಡಿದ ಮೇಲೆ ನನಗೂ ಮಲ ಕಪ್ಪಗೆ ಹೋಗುತ್ತಿದೆ. ಅಕ್ಕನವರು ಬರೆದಿದ್ದನ್ನು ಓದಿ ಕೈ ನಡುಗಿತು. ಯಾವುದು ಟಾನಿಕ್ಕಿನದು, ಯಾವುದು ರಕ್ತದ್ದು ಅಂತ ಹೇಗೆ ತಿಳಿಯುವುದು? ಎರಡನೆಯದು, ಸ್ಕೋಪಿಗೆ ಮೊದಲು ಪ್ಯಾಂಟೊಪ್ರಜೋಲ್ ಎರಡು ವಾರ ನಿಲ್ಲಿಸಬೇಕಾ? ನಿಲ್ಲಿಸಿದರೆ ರಾತ್ರಿ ಹೇಗೆ ಕಳೆಯಲಿ?

ತಾಲ್ಲೂಕು ಡಾಕ್ಟರು, ನಿವೃತ್ತ

ಕಬ್ಬಿಣದಿಂದ ಆಗುವ ಕಪ್ಪು ಸಾಮಾನ್ಯವಾಗಿ ಹಸಿರು ಮಿಶ್ರಿತ ಕಪ್ಪು, ಗಟ್ಟಿ. ರಕ್ತದಿಂದ ಆದದ್ದು ರಸ್ತೆಗೆ ಹಾಕುವ ಟಾರಿನ ಹಾಗೆ, ಅಂಟು, ಹೊಳಪು, ನೀರು ಹಾಕಿದರೂ ಸುಲಭಕ್ಕೆ ಹೋಗುವುದಿಲ್ಲ, ಮತ್ತೆ ಒಂದು ಕೆಟ್ಟ ವಾಸನೆ ಇರುತ್ತದೆ. ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಆದರೆ ರಕ್ತ ಕಡಿಮೆ ಇರುವ ನೀವು ಇದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಟಾರಿನ ಹಾಗೆ ಕಂಡರೆ, ಎದ್ದು ನಿಂತಾಗ ತಲೆ ಸುತ್ತಿದರೆ, ವಾಂತಿಯಲ್ಲಿ ಕಾಫಿ ಚರಟದಂಥದ್ದು ಬಂದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಇದ್ದಕ್ಕಿದ್ದಂತೆ ಚಾಕು ಇರಿದ ಹಾಗೆ ನೋವು ಬಂದು ಹೊಟ್ಟೆ ಹಲಗೆಯ ಹಾಗೆ ಬಿಗಿಯಾದರೂ ಅಷ್ಟೇ, ಅದು ಹುಣ್ಣು ತೂತಾದ ಲಕ್ಷಣ, ಆಗ ಗಂಟೆಗಳ ಲೆಕ್ಕ.

ಪ್ಯಾಂಟೊಪ್ರಜೋಲ್ ನೀವಾಗಿ ನಿಲ್ಲಿಸಬೇಡಿ. ಎರಡು ವಾರದ ನಿಯಮ ಕಾಯಲು ಸಮಯ ಇರುವವರಿಗೆ. ನಿಮ್ಮ ವಿಷಯದಲ್ಲಿ ಮೊದಲು ಒಳಗೆ ನೋಡುವುದೇ ಮುಖ್ಯ. ಮಾತ್ರೆ ತಿನ್ನುತ್ತಿದ್ದಾಗಲೂ ಪಾಸಿಟಿವ್ ಬಂದರೆ ಅದನ್ನು ನಂಬಬಹುದು. ನೆಗೆಟಿವ್ ಬಂದರೆ ಅದನ್ನೇ ಕೊನೆಯ ಮಾತು ಅಂತ ಹಿಡಿಯಬಾರದು, ಮುಂದೆ ಸರಿಯಾಗಿ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಈ ವಾರವೇ ಸ್ಕೋಪಿ ಮಾಡಿಸಿ, ಮಂಡಿಯ ಕೆಲಸ, ಹರಾಜು ಅಂತ ಮುಂದಕ್ಕೆ ಹಾಕಬೇಡಿ.

ಸಾಗರದ ಹುಡುಗ

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇದನ್ನು ಓದುವ ಬೇರೆಯವರಿಗಾಗಿ. ನಮ್ಮ ಚಿಕ್ಕಪ್ಪನಿಗೆ 54. ಎದೆಗುಂಡಿಯಲ್ಲಿ ಉರಿ, ಬೆವರು, ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಿದರು. ಅದು ಹಾರ್ಟ್ ಅಟ್ಯಾಕ್ ಆಗಿತ್ತು. ಬೆಳಿಗ್ಗೆಗೆ ಇರಲಿಲ್ಲ. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ಉರಿ, ಬೆವರಿನ ಜೊತೆ ಬರುವ ಉರಿ, ದವಡೆಗೋ ಕೈಗೋ ಎಳೆಯುವ ನೋವು, ಇದಕ್ಕೆ ಮೊದಲು ಇಸಿಜಿ ಮಾಡಿಸಿ. ಗ್ಯಾಸ್ಟ್ರಿಕ್ ಅನ್ನುವ ಒಂದೇ ಪದದಲ್ಲಿ ನಾವು ಎಷ್ಟೊಂದು ರೋಗ ತುಂಬಿಸಿಟ್ಟಿದ್ದೇವೆ, ಅಲ್ವಾ?

ಕೊಬ್ಬರಿ ಮಂಡಿ, ತಿಪಟೂರು

ಒಂಬತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ತುಮಕೂರಿನಲ್ಲಿ ಸ್ಕೋಪಿ ಆಯಿತು. ಮಲೆನಾಡಿನವರು ಬರೆದಷ್ಟೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೂಗಿನಿಂದ ಉಸಿರು ಅನ್ನುವ ಮಾತು ನೆನಪಿಟ್ಟುಕೊಂಡೆ, ಮಂಪರಿನ ಇಂಜೆಕ್ಷನ್ ಬೇಕಾಗಲಿಲ್ಲ.

ರಿಪೋರ್ಟಿನಲ್ಲಿ ಹೀಗಿದೆ. ಡ್ಯುಯೊಡಿನಮ್‌ನ ಮೊದಲ ಭಾಗ, ಮುಂದಿನ ಗೋಡೆಯಲ್ಲಿ 8 ಮಿಲಿಮೀಟರ್ ಹುಣ್ಣು, ತಳ ಸ್ವಚ್ಛವಾಗಿದೆ, ಈಗ ರಕ್ತ ಸೋರುತ್ತಿಲ್ಲ. ಜಠರದಲ್ಲಿ ಕೆಂಪು, ಹುಣ್ಣಿಲ್ಲ. ಕ್ರಿಮಿ ಪರೀಕ್ಷೆ ಪಾಸಿಟಿವ್, ಗುಲಾಬಿ ಬಣ್ಣ ಬಂದದ್ದನ್ನು ನನಗೂ ತೋರಿಸಿದರು. ಡೈಕ್ಲೋಫಿನಾಕ್ ವಿಷಯ ಈ ಸಲ ಮೊದಲೇ ಹೇಳಿದೆ. ಕ್ರಿಮಿ ಒಂದು ಕಡೆಯಿಂದ, ಮಾತ್ರೆ ಇನ್ನೊಂದು ಕಡೆಯಿಂದ ಸೇರಿ ಮಾಡಿದ್ದು ಇದು ಅಂದರು.

14 ದಿನಕ್ಕೆ ನಾಲ್ಕು ಔಷಧಿ ಕೊಟ್ಟಿದ್ದಾರೆ. ಆಸಿಡ್ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್. ದಿನಕ್ಕೆ ಇಷ್ಟೊಂದು ಮಾತ್ರೆ ನುಂಗಿ ಬಾಯೆಲ್ಲಾ ಕಬ್ಬಿಣ ನೆಕ್ಕಿದ ರುಚಿ, ನಾಲಿಗೆಯೂ ಕಪ್ಪಾಗಿದೆ. ಇವತ್ತು ಐದನೇ ದಿನ. ನಿನ್ನೆ ರಾತ್ರಿ ಎಚ್ಚರ ಆಗಲಿಲ್ಲ. ನೋವು ಹೋಯಿತಲ್ಲ, ಪೂರ್ತಿ 14 ದಿನ ತಿನ್ನಬೇಕಾ?

ತಾಲ್ಲೂಕು ಡಾಕ್ಟರು, ನಿವೃತ್ತ

ಪೂರ್ತಿ. ಒಂದು ಮಾತ್ರೆಯೂ ಬಿಡದೆ. ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿ ಆ ಔಷಧಿಗೆ ಬಗ್ಗದಂತಾಗುತ್ತದೆ. ನಮ್ಮ ದೇಶದಲ್ಲಿ ಈಗಾಗಲೇ ಮೆಟ್ರೊನಿಡಜೋಲ್, ಕ್ಲಾರಿತ್ರೊಮೈಸಿನ್‌ಗಳಿಗೆ ಬಗ್ಗದ ಕ್ರಿಮಿ ಬಹಳ ಇದೆ. ನಿಮ್ಮ ಡಾಕ್ಟರು ಮೂರರ ಬದಲು ನಾಲ್ಕು ಕೊಟ್ಟದ್ದು ಅದಕ್ಕೇ.

ನಾಲಿಗೆ ಕಪ್ಪು, ಮಲ ಕಪ್ಪು, ಎರಡೂ ಬಿಸ್ಮತ್‌ನಿಂದ, ಮುಗಿದ ಮೇಲೆ ಹೋಗುತ್ತದೆ. ಟೆಟ್ರಾಸೈಕ್ಲಿನ್ ನುಂಗುವಾಗ ಹಾಲು, ಮೊಸರು, ಕಬ್ಬಿಣದ ಟಾನಿಕ್ ಜೊತೆಗೆ ಬೇಡ, ಅವು ಔಷಧಿಯನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಟಾನಿಕ್ ಯಾವಾಗ ಮತ್ತೆ ಶುರು ಮಾಡಬೇಕು ಅಂತ ಕೇಳಿಕೊಳ್ಳಿ. ಮೆಟ್ರೊನಿಡಜೋಲ್ ಇರುವಾಗ ಮದ್ಯ ಮುಟ್ಟಬಾರದು.

ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರ ಆದ ಮೇಲೆ, ಆಸಿಡ್ ಮಾತ್ರೆ ಬಿಟ್ಟು ಎರಡು ವಾರ ಆಗಿದ್ದಾಗ, ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ ಕ್ರಿಮಿ ಹೋಗಿದೆ ಅಂತ ಖಚಿತ ಮಾಡಿಕೊಳ್ಳಿ. ಮತ್ತೆ ರಕ್ತ ಪರೀಕ್ಷೆ ಬೇಡ, ಅದು ಆಗಲೂ ಪಾಸಿಟಿವ್ ಅಂತಲೇ ಹೇಳಬಹುದು. ಹಿಮೋಗ್ಲೋಬಿನ್ ಕೂಡ ನೋಡಿಸಿ.

ಇನ್ನೊಂದು, ತಂದೆಯವರು ಇದ್ದಾರಲ್ಲವೇ? ಅಂಥ ಆಪರೇಷನ್ ಆದವರಿಗೆ ವರ್ಷ ಕಳೆದಂತೆ ಕಬ್ಬಿಣ, ಬಿ12 ಎರಡೂ ಕಡಿಮೆ ಆಗಬಹುದು. ಸುಸ್ತು, ಪಾದ ಜುಮ್ಮೆನ್ನುವುದು ಇದ್ದರೆ ಒಮ್ಮೆ ನೋಡಿಸಿ.

ಕೊಬ್ಬರಿ ಮಂಡಿ, ತಿಪಟೂರು

ಸರ್, ಅಪ್ಪ ಎರಡು ವರ್ಷದಿಂದ ಪಾದ ಜುಮ್ಮೆನ್ನುತ್ತದೆ ಅನ್ನುತ್ತಿದ್ದಾರೆ. ವಯಸ್ಸು 74, ಚಪ್ಪಲಿ ಬದಲಾಯಿಸಿದ್ದೆವು ಅಷ್ಟೇ. ಇವತ್ತು ಬೆಳಿಗ್ಗೆ ರಕ್ತ ಕೊಟ್ಟು ಬಂದೆವು. ನಾಳೆ ಸಂಜೆ ರಿಪೋರ್ಟ್ ಬರುತ್ತದೆ, ಇಲ್ಲೇ ಹಾಕುತ್ತೇನೆ.